ಪುಟ್ಟೀ, ಸ್ವಲ್ಪ ಹೊತ್ತು ಯಾರಿಗೂ ಸಿಗ್ಬೇಡ

ಪುಟ್ಟೀ,

ಇದನ್ನ ವಾಟ್ಸಾಪಲ್ಲಿ ಕಳ್ಸಿದ್ರೆ ನೀನು ಮೀಟಿಂಗ್ ಮಧ್ಯ ಮೇಲಿನ ಎರಡು ಸಾಲು ಓದಿ ಒಂದು ಹಾರ್ಟ್ ಒತ್ತಿ ಮುಂದಕ್ಕೆ ಹೋಗ್ಬಿಡ್ತೀಯ, ಅದಕ್ಕೇ ಈಮೇಲ್ ಮಾಡ್ತಿದೀನಿ. ಉದ್ದ ಇದೆ, ಮೊದ್ಲೇ ಹೇಳ್ಬಿಡ್ತೀನಿ. ಪುರುಸೊತ್ತಾದಾಗ ಓದ್ಕೋ.

ಹೋದ ಭಾನುವಾರ ಅವರೆಕಾಯಿ ಬಿಡಿಸ್ತಾ ಕೂತಾಗ ನೀನೊಂದು ಮಾತು ಹೇಳ್ದೆ ನೋಡು, ಅದು ತಲೇಲಿ ಕೂತ್ಬಿಟ್ಟಿದೆ. ಅಪ್ರೈಸಲ್‌ನಲ್ಲಿ ರೇಟಿಂಗ್ ಕಮ್ಮಿ ಬಂತು ಅಂತ ಗೊತ್ತಾಗಿದ್ದೇ ತಡ ಕಾಲೇಜ್ ಗ್ರೂಪಿಗೆ ಹಾಕ್ದೆ, ಪಿಜಿ ಹುಡುಗೀರ ಗ್ರೂಪಿಗೆ ಹಾಕ್ದೆ, ಅಣ್ಣಂಗೆ ಸ್ಕ್ರೀನ್‌ಶಾಟ್ ಕಳ್ಸ್ದೆ, ಸಂಜೆ ಹೊತ್ತಿಗೆ ಒಬ್ಳು ಕೆಲಸ ಬಿಟ್ಬಿಡು ಅಂದ್ಳು, ಇನ್ನೊಬ್ಳು ಎಚ್ಆರ್‌ಗೆ ಮೇಲ್ ಹಾಕು ಅಂದ್ಳು, ಅಣ್ಣ ಎಂಥದೋ ಮೀಮ್ ಕಳ್ಸ್ದ, ರಾತ್ರಿ ಮಲಗೋವಾಗ ನೋಡ್ಕೊಂಡ್ರೆ ನಂಗೆ ಬೇಜಾರಾಗಿದ್ಯಾ ಸಿಟ್ಟು ಬಂದಿದ್ಯಾ ಅಂತಾನೇ ಗೊತ್ತಾಗ್ತಿರ್ಲಿಲ್ಲಮ್ಮ, ಅಂದೆ. ಆಗ ನಾನೇನೂ ಹೇಳ್ಲಿಲ್ಲ. ಅಪ್ಪ ಇದ್ರು, ಅವ್ರು ಆಗ್ಲೇ ನಿನ್ನ ಮ್ಯಾನೇಜರ್‌ಗೆ ಬೈಯ್ಯಕ್ಕೆ ಶುರು ಮಾಡಿದ್ರು, ಮಧ್ಯದಲ್ಲಿ ಎಲ್ಲಿಂದ ಬಾಯಿ ಹಾಕೋದು.

ಫೋನ್ ಕೆಳಗಿಡು ಅನ್ನೋ ಭಾಷಣ ಅಲ್ಲ ಇದು, ಹೆದರ್ಬೇಡ. ಅದನ್ನ ಕೇಳೀ ಕೇಳೀ ನಿನ್ನ ಕಿವಿ ತೂತಾಗಿದೆ. ಅದೂ ಅಲ್ದೆ ಬೆಂಗಳೂರಲ್ಲಿ ಫೋನ್ ಇಲ್ದೆ ಬದುಕಕ್ಕಾಗತ್ತಾ ಈಗ? ಗಾಂಧಿಬಜಾರಲ್ಲಿ ಮೊಳ ಹೂವು ತಗೊಂಡ್ರೂ ಬುಟ್ಟಿ ಪಕ್ಕ ಕ್ಯೂಆರ್ ಕೋಡ್ ಇದೆ, 2016ರಲ್ಲಿ ಯುಪಿಐ ಬಂದಾಗ ನಮ್ಮ ಬ್ಯಾಂಕ್ ಬ್ರಾಂಚಲ್ಲಿ ಇದೆಲ್ಲ ನಡಿಯಲ್ಲ ಬಿಡಿ ಅಂತಿದ್ದೋರೇ ಈಗ ಚಿಲ್ಲರೆ ಇಟ್ಕೊಳ್ಳೋದೇ ಬಿಟ್ಟಿದಾರೆ. ಬ್ಯಾಂಕಿಗೆ ಓಟಿಪಿ, ಗ್ಯಾಸಿಗೆ ಓಟಿಪಿ, ಅಪಾರ್ಟ್‌ಮೆಂಟ್ ಗೇಟಲ್ಲಿ ಕೊರಿಯರ್ ಹುಡುಗನ್ನ ಒಳಗೆ ಬಿಡಕ್ಕೆ ಆ್ಯಪು. ಇನ್ನು ನಿನ್ನ ಪಿಜಿ ರೂಮನ್ನ ನಾನೇ ಕಣ್ಣಾರೆ ನೋಡಿದೀನಿ, ತ್ರೀ ಶೇರಿಂಗು, ಮಂಚಕ್ಕೂ ಮಂಚಕ್ಕೂ ಮಧ್ಯ ಒಂದು ಸೂಟ್‌ಕೇಸ್ ಇಟ್ರೆ ಮುಗೀತು. ಅಲ್ಲಿ ಇಯರ್‌ಫೋನ್ ಹಾಕ್ಕೊಳ್ಳೋದು ಬಿಟ್ರೆ ನನ್ನ ಮಾತಾಡಿಸ್ಬೇಡಿ ಅಂತ ಹೇಳಕ್ಕೆ ಬೇರೆ ದಾರಿ ಏನಿದೆ ಹೇಳು. ಅದು ನಂಗೆ ಅರ್ಥ ಆಗತ್ತೆ.

ನಮ್ಮ ಕಾಲದಲ್ಲಿ ಎಲ್ಲಾ ಚೆನ್ನಾಗಿತ್ತು ಅಂತಾನೂ ಹೇಳಲ್ಲ. ಚಾಮರಾಜಪೇಟೆ ವಠಾರದಲ್ಲಿ ಫೋನ್ ಇದ್ದಿದ್ದು ಮೂಲೆ ಮನೇವ್ರ ಹತ್ರ ಮಾತ್ರ, ನಾವೆಲ್ಲಾ ಅದೇ ನಂಬರ್ ಕೊಟ್ಟು ಪಕ್ಕದಲ್ಲಿ ಪಿಪಿ ಅಂತ ಬರೀತಿದ್ವಿ, ಅಂದ್ರೆ ಫೋನು ನಮ್ದಲ್ಲ, ಕರೆದು ಕೊಡ್ತಾರೆ ಅಂತ. ನಂಗೆ ಫೋನ್ ಬಂದ್ರೆ ಅವರ ಮನೆ ಹುಡುಗ ಗೇಟಿಂದಾನೇ ಕೂಗೋನು, ನಾನು ಓಡಿ ಹೋಗಿ ಅವರ ಹಾಲಲ್ಲಿ ನಿಂತು ಹೂಂ, ಹಾಂ, ಸರಿ ಅಂತ ಅಷ್ಟೇ ಮಾತಾಡೋದು, ಯಾಕಂದ್ರೆ ಟಿವಿ ವಾಲ್ಯೂಮ್ ಕಮ್ಮಿ ಮಾಡ್ಕೊಂಡು ಮನೆ ಮಂದಿಯೆಲ್ಲಾ ಕೇಳಿಸ್ಕೊಳ್ಳೋರು. ಯಾರ ಮನೇಲಿ ಏನು ಸಾರು ಅಂತ ಒಗ್ಗರಣೆ ವಾಸನೇಲೇ ಗೊತ್ತಾಗ್ತಿತ್ತು. ಮನೇಲಿ ಒಬ್ಳೇ ಇರೋದು ಅನ್ನೋದೇ ಇರ್ಲಿಲ್ಲ ಕಣೇ. ಮದುವೆ ಆದ್ಮೇಲಂತೂ ಕೇಳ್ಲೇಬೇಡ, ಅತ್ತೆ, ನಾದಿನಿ, ಮೈದುನ, ವಾರಕ್ಕೊಮ್ಮೆ ಊರಿಂದ ಬರೋ ನೆಂಟ್ರು.

ಆದ್ರೂ ನಂಗೆ ಅಂತ ಒಂದು ಹೊತ್ತಿತ್ತು, ಅದೂ ಜನ ತುಂಬಿರೋ ಬಿಟಿಎಸ್ ಬಸ್ಸಲ್ಲಿ. ಆಗ ಬಿಎಂಟಿಸಿ ಅಂತ ಹೆಸರಿರ್ಲಿಲ್ಲ, ಅದು 1997ರಲ್ಲಿ ಬಂದಿದ್ದು. ಬ್ರಾಂಚು ಯಶವಂತಪುರದಲ್ಲಿ. ಸಂಜೆ ವಾಪಸ್ ಬರೋವಾಗ ಕಿಟಕಿ ಸೀಟ್ ಸಿಕ್ಬಿಟ್ರೆ ಮನೆ ಮುಟ್ಟೋವರೆಗೂ ಯಾರ ಕೈಗೂ ಸಿಗ್ತಿರ್ಲಿಲ್ಲ ನಾನು. ಬ್ಯಾಂಕಿನವ್ರಿಗೆ ಹೋಗಾಯ್ತು, ಮನೇವ್ರಿಗೆ ಇನ್ನೂ ಬಂದಿಲ್ಲ. ಏನ್ ಮಹಾ ಯೋಚನೆ ಮಾಡ್ತಿದ್ದೆ ಅಂದ್ಕೋಬೇಡ, ಚೀಟಿ ದುಡ್ಡು ಕಟ್ಟಿದ್ನಾ, ಹಾಲಿನ ಕೂಪನ್ ಮುಗೀತಾ, ಅತ್ತೆ ಬೆಳಿಗ್ಗೆ ಅಂದ ಮಾತಿಗೆ ನಾನು ಹಿಂಗೆ ಅನ್ಬೇಕಿತ್ತು, ಇಲ್ಲ ಹಂಗೆ ಅನ್ಬೇಕಿತ್ತು, ಹಿಂಗೇ ನೂರಾ ಎಂಟು. ಮನಸ್ಸಲ್ಲೇ ಜಗಳ ಆಡಿ ಗೆದ್ದು ಮೆಜೆಸ್ಟಿಕ್‌ನಲ್ಲಿ ಇಳಿದು ಇನ್ನೊಂದು ಬಸ್ ಹತ್ತೋದು.

ಆಫೀಸರ್ ಪ್ರಮೋಷನ್ ಆರ್ಡರ್ ಬಂದಿದ್ದೂ ಆಗ್ಲೇ. ತಗೊಂಡ್ರೆ ರಾಯಚೂರಿಗೆ ಟ್ರಾನ್ಸ್‌ಫರ್. ಇನ್ನೂ ನೀವಿಬ್ರೂ ಹುಟ್ಟಿರ್ಲಿಲ್ಲ. ಆರ್ಡರ್ ವ್ಯಾನಿಟಿ ಬ್ಯಾಗಲ್ಲಿಟ್ಕೊಂಡು ಬಸ್ ಹತ್ತಿದೆ, ಯಾರಿಗೂ ಹೇಳಿಲ್ಲ, ಹೇಳಕ್ಕೆ ಸಾಧನಾನೂ ಇಲ್ಲ. ಮಲ್ಲೇಶ್ವರಂ ಸರ್ಕಲ್‌ನಲ್ಲಿ ಬಸ್ ಕೆಟ್ಟು ನಿಂತ್ಕೋತು, ಅರ್ಧ ಜನ ಇಳಿದು ಹೋದ್ರು, ನಾನು ಕೂತೇ ಇದ್ದೆ. ಮೊದಲು ಭಯ ಆಯ್ತು, ಆಮೇಲೆ ಅಪ್ಪಂಗೆ ಹೇಗೆ ಹೇಳೋದು ಅನ್ನೋ ಯೋಚನೆ, ಆಮೇಲೆ ಅತ್ತೆ ಮುಖ ಕಣ್ಮುಂದೆ ಬಂತು, ಇದೆಲ್ಲಾ ಬಂದು ಹೋದ್ಮೇಲೆ ಅದರಡಿ ಒಂದು ಖುಷಿ ಇತ್ತು ನೋಡು, ಅಯ್ಯೋ ನಂಗೆ ಹೋಗ್ಬೇಕು ಅಂತಿದೆ ಅಂತ ನಂಗೇ ಆಗ ಗೊತ್ತಾಗಿದ್ದು. ಮನೆಗೆ ಹೋಗಿ ಹೇಳಿದಾಗ ಎಲ್ಲಾರೂ ಬೇಡ ಅಂದ್ರು. ಆದ್ರೆ ಅಷ್ಟೊತ್ತಿಗೆ ನಂದೇನು ಅನ್ನೋದು ನಂಗೆ ಸ್ಪಷ್ಟ ಇತ್ತಲ್ಲ, ಅವ್ರು ಬೇಡ ಅಂದಿದ್ದು ಅವರ ಅಭಿಪ್ರಾಯ ಅಂತ ಕೇಳಿಸ್ಕೊಂಡೆ, ಹೋದೆ. ಆ ಬಸ್ಸಲ್ಲಿ ಕೂತ್ಕೊಂಡೇ ನಾಲ್ಕು ಗ್ರೂಪಿಗೆ ಹಾಕೋ ಹಂಗಿದ್ದಿದ್ರೆ ಮೆಜೆಸ್ಟಿಕ್ ಬರೋವಷ್ಟ್ರಲ್ಲಿ ರಾಯಚೂರು ಬಿಸಿಲಿನ ಬಗ್ಗೆ ಇಪ್ಪತ್ತು ಮೆಸೇಜ್ ಬಂದಿರೋವು, ಆ ಖುಷಿ ಮೇಲಕ್ಕೆ ಬರ್ತಾನೇ ಇರ್ಲಿಲ್ಲ. ನಿನ್ನ ರೇಟಿಂಗ್ ವಿಷಯದಲ್ಲಿ ಆಗಿದ್ದು ಇದೇ ಅಂತ ನಂಗನ್ಸತ್ತೆ. ನಿಂಗೇನಾಯ್ತು ಅಂತ ನಿಂಗೆ ತಿಳಿಯೋ ಮೊದಲೇ ಉಳಿದೋರಿಗೆಲ್ಲಾ ತಿಳಿದು, ಅವರವರ ತೀರ್ಪೂ ಬಂದಾಗಿತ್ತು.

(ರಾಯಚೂರಿಂದ ಅಪ್ಪಂಗೆ ಫೋನ್ ಮಾಡ್ತಿದ್ದಿದ್ದು ಎಸ್‌ಟಿಡಿ ಬೂತಿಂದ, ರಾತ್ರಿ ಹನ್ನೊಂದಾದ್ಮೇಲೆ ಕಾಲು ಭಾಗ ರೇಟು, ಅಷ್ಟೊತ್ತಲ್ಲೂ ಕ್ಯೂ ಇರೋದು, ಮೀಟರ್ ಓಡೋದನ್ನ ನೋಡ್ತಾ ಮಾತಾಡೋದು. ಆ ಕಷ್ಟ ನಿಂಗೆ ಬೇಡ್ವೇ ಬೇಡ.)

ಒಬ್ರೇ ಸುಮ್ನೆ ಕೂರೋದು ಸುಲಭ ಅಂತೇನೂ ಅಲ್ಲ, ಮೊಬೈಲಿಂದಾನೇ ಎಲ್ಲಾ ಹಾಳಾಯ್ತು ಅಂತಾನೂ ಅಲ್ಲ. ಅಮೆರಿಕದ ವರ್ಜೀನಿಯಾ ಯೂನಿವರ್ಸಿಟಿಯ ಟಿಮೋತಿ ವಿಲ್ಸನ್ ಅನ್ನೋರು ಒಂದು ಪ್ರಯೋಗ ಮಾಡಿದ್ರು, 2014ರಲ್ಲಿ ಸೈನ್ಸ್ ಪತ್ರಿಕೇಲಿ ಬಂತು. ಜನರನ್ನ ಖಾಲಿ ರೂಮಲ್ಲಿ ಒಬ್ಬೊಬ್ಬರನ್ನೇ ಕಾಲು ಗಂಟೆ ಕೂರಿಸಿದ್ರು, ಫೋನಿಲ್ಲ, ಪುಸ್ತಕ ಇಲ್ಲ, ಒಂದು ಬಟನ್ ಮಾತ್ರ, ಒತ್ತಿದ್ರೆ ಕರೆಂಟ್ ಶಾಕ್ ಹೊಡಿಯತ್ತೆ. ದುಡ್ಡು ಕೊಟ್ಟಾದ್ರೂ ಈ ಶಾಕ್ ತಪ್ಪಿಸ್ಕೋತೀವಿ ಅಂತ ಮುಂಚೆ ಹೇಳಿದ್ದೋರೇ ಇವ್ರು. ಆದ್ರೂ 18 ಗಂಡಸರಲ್ಲಿ 12 ಜನ, 24 ಹೆಂಗಸರಲ್ಲಿ 6 ಜನ ತಾವಾಗೇ ಬಟನ್ ಒತ್ಕೊಂಡ್ರು. ಒಬ್ಬ ಪುಣ್ಯಾತ್ಮ 190 ಸಲ! ಅಪ್ಪಂಗೆ ಓದಿ ಹೇಳ್ದೆ, ಗಂಡಸರ ಲೆಕ್ಕ ಬಂದ ತಕ್ಷಣ ಪೇಪರ್ ಅಡ್ಡ ಹಿಡ್ಕೊಂಡ್ರು. ನಮ್ಮ ಕೈಯಲ್ಲಿರೋ ಬಟನ್ ಶಾಕ್ ಹೊಡಿಯಲ್ಲ, ಅಷ್ಟೇ ವ್ಯತ್ಯಾಸ, ಅದಕ್ಕೇ ಎಷ್ಟು ಸಲ ಒತ್ತಿದ್ವಿ ಅಂತ ಯಾರೂ ಎಣಿಸಲ್ಲ.

ನಿನ್ನ ವಯಸ್ಸಿನೋರ ರೋಗ ಅಂತಾನೂ ನಾನು ಒಪ್ಪಲ್ಲ. ಬೆಳಿಗ್ಗೆ ಲಾಲ್‌ಬಾಗಿಗೆ ಬಂದು ನೋಡು, ಎಲ್ಲಾ ನಮ್ಮ ವಯಸ್ಸಿನೋರೇ, ಒಬ್ರು ಸ್ಪೀಕರಲ್ಲಿ ಪ್ರವಚನ, ಇನ್ನೊಬ್ರು ಶೇರ್ ಮಾರ್ಕೆಟ್ಟು. ಅಲ್ಲಿನ ಬಂಡೆ ಸುಮಾರು 300 ಕೋಟಿ ವರ್ಷ ಹಳೇದಂತೆ, ಅದರ ಮೇಲೆ ನಿಂತ್ಕೊಂಡು ಮನೆಗೆ ವಿಡಿಯೋ ಕಾಲ್ ಮಾಡಿ ಇಡ್ಲಿಗೆ ಚಟ್ನಿನಾ ಸಾಂಬಾರಾ ಅಂತ ಕೇಳ್ತಿರ್ತಾರೆ.

ಇನ್ನೊಂದು. ಪೇಜು ಮುಗೀದೇ ಕೆಳಗಿಂದ ಕೆಳಗೆ ಬರ್ತಾನೇ ಇರತ್ತಲ್ಲ, ಅದನ್ನ 2006ರಲ್ಲಿ ಆಜಾ ರಾಸ್ಕಿನ್ ಅನ್ನೋ ಡಿಸೈನರ್ ಮಾಡಿದ್ದಂತೆ, ಆಮೇಲೆ ಅವ್ರೇ ಯಾಕಾದ್ರೂ ಮಾಡಿದ್ನೋ ಅಂತ ಹೇಳ್ಕೊಂಡಿದಾರೆ. ಮದುವೆ ಊಟದಲ್ಲಿ ಮಜ್ಜಿಗೆ ಬಂತು ಅಂದ್ರೆ ಮುಗೀತು, ಎಲೆ ಬಿಟ್ಟು ಏಳ್ಬೇಕು ಅಂತ ಎಲ್ಲಾರಿಗೂ ಗೊತ್ತು, ಇಲ್ಲಿ ಮಜ್ಜಿಗೆನೇ ಬರಲ್ಲ ಕಣೇ. ಅದಕ್ಕೇ ರೀಲ್ಸ್ ನೋಡ್ತಾ ರಾತ್ರಿ ಒಂದು ಗಂಟೆ ಮಾಡ್ಕೊಂಡೆ ಅಂತ ನಿನ್ನನ್ನ ನೀನು ಬೈಕೋಬೇಡ, ನಿಲ್ಲೋ ಜಾಗಾನೇ ತೆಗೆದು ಹಾಕಿದಾರೆ. ಅಪ್ಪ ಮಾತೆತ್ತಿದ್ರೆ ನಿಮ್ಹಾನ್ಸ್ ಶಟ್ ಕ್ಲಿನಿಕ್ಕಿಗೆ ಕರ್ಕೊಂಡ್ ಹೋಗ್ತೀನಿ ಅಂತಾರಲ್ಲ, ಅದು 2014ರಿಂದ ಇದೆ, ಫೋನೂ ಗೇಮೂ ಕೈ ಮೀರಿ ಹೋದವರಿಗೆ. ನಿಂಗೆ ಬೇಕಾಗಿರೋದು ಅದಲ್ಲ.

ರೀಲ್ಸ್‌ಗಿಂತ ನಂಗೆ ಜಾಸ್ತಿ ಚಿಂತೆ ಆಗೋದು ಈ ರಿಪ್ಲೈ ಸಾಲ. 2014ರ ಕೊನೇಲಿ ವಾಟ್ಸಾಪಲ್ಲಿ ಆ ನೀಲಿ ಟಿಕ್ ಬಂತಲ್ಲ, ಅವತ್ತಿಂದ ಓದೋದೇ ಒಂದು ಜವಾಬ್ದಾರಿ ಆಯ್ತು. ಓದಿದೀಯ, ಮತ್ಯಾಕೆ ಉತ್ರ ಇಲ್ಲ? ಆಫೀಸಿಂದ ರಾತ್ರಿ ಹತ್ತೂವರೆಗೆ ಕ್ವಿಕ್ ಕ್ವೆಶ್ಚನ್ ಅಂತ ಬರತ್ತೆ, ನೀನು ತಟ್ಟೆ ಮುಂದೆ ಇದ್ರೂ ಎಡಗೈಲಿ ಟೈಪ್ ಮಾಡ್ತೀಯ. ಫ್ರಾನ್ಸಲ್ಲಿ 2017ರಿಂದ, ಆಸ್ಟ್ರೇಲಿಯಾದಲ್ಲಿ 2024ರಿಂದ ಕೆಲಸದ ಹೊತ್ತು ಮುಗಿದ್ಮೇಲೆ ಫೋನಿಗೆ ಸಿಗ್ದೇ ಇರೋದಕ್ಕೆ ಕಾನೂನಿನ ಬಲ ಇದೆ. ನಮ್ಮ ಲೋಕಸಭೇಲೂ 2018ರಲ್ಲಿ ಸಂಸದೆ ಸುಪ್ರಿಯಾ ಸುಳೆ ಅವರು ಇದಕ್ಕೇ ಅಂತ ಒಂದು ಖಾಸಗಿ ಮಸೂದೆ ತಂದಿದ್ರು, ಸರ್ಕಾರ ಅಲ್ದೆ ಸಂಸದರೇ ತರೋ ಇಂಥ ಮಸೂದೆಗಳು ಕಾನೂನಾಗೋದು ನಮ್ಮಲ್ಲಿ ಎಷ್ಟು ಅಪರೂಪ ಅಂತ ಗೊತ್ತಲ್ಲ. ಆಫೀಸಿನ ಕಥೆ ಬಿಡು, ಅಲ್ಲಿ ನಿನ್ನ ಕೈಲಿ ಇರೋದು ಕಮ್ಮಿ. ನಮ್ಮನೇದು ನಮ್ಮ ಕೈಲಿದೆ. ಊಟ ಆಯ್ತಾ, ಹೊರಟ್ಯಾ, ಮುಟ್ಟಿದ್ಯಾ, ಮಳೆ ಬರ್ತಿದ್ಯಾ ಅಲ್ಲಿ, ಈ ವಿಡಿಯೋ ನೋಡಿದ್ಯಾ. ಪ್ರೀತಿಯಿಂದಾನೇ ಕೇಳೋದು, ಆದ್ರೆ ಅದೂ ನಿನ್ನ ಹೊತ್ತನ್ನೇ ತಿನ್ನತ್ತೆ.

ಇದೆಲ್ಲಾ ಬೇಡ್ವೇ ಬೇಡ ಅಂತ ನಾನು ಅನ್ನಲ್ಲ. 2020ರ ಲಾಕ್‌ಡೌನಲ್ಲಿ ತಿಪಟೂರಲ್ಲಿ ಅಜ್ಜಿ ಒಬ್ರೇ ಸಿಕ್ಕಾಕ್ಕೊಂಡಾಗ ದಿನಾ ಸಂಜೆ ವಿಡಿಯೋ ಕಾಲ್ ಇಲ್ದಿದ್ರೆ ಅವರೂ ಸೊರಗೋರು, ನಾನೂ ಸೊರಗ್ತಿದ್ದೆ. ಅವರ ಹಣೆ ಮಾತ್ರ ಕಾಣಿಸ್ತಿದ್ರೂ ಸಾಕಿತ್ತು.

ಅದಕ್ಕೆ ನಾನು ಕೇಳೋದು ಇಷ್ಟು. ಒಳ್ಳೇ ಸುದ್ದಿ ಆಗ್ಲಿ ಕೆಟ್ಟ ಸುದ್ದಿ ಆಗ್ಲಿ, ಒಂದು ರಾತ್ರಿ ನಿನ್ನ ಹತ್ರಾನೇ ಇಟ್ಕೋ. ನಂಗೂ ಹೇಳ್ಬೇಡ. ಪ್ರಾಣದ ವಿಷಯ, ದುಡ್ಡಿನ ಮೋಸ, ಯಾರಾದ್ರೂ ತೊಂದ್ರೆ ಕೊಡೋದು, ಇವು ಬಿಟ್ಟು, ಅವಕ್ಕೆ ಆ ಕ್ಷಣಾನೇ ಫೋನ್ ಮಾಡ್ಬೇಕು, ಎಷ್ಟೊತ್ತಾದ್ರೂ ಸರಿ. ಮತ್ತೆ ಮನೆಗೆ ಬರೋವಾಗ ಹೂಡಿ ಮೆಟ್ರೋ ಸ್ಟೇಷನ್ನಿಂದ ಮೆಜೆಸ್ಟಿಕ್‌ವರೆಗೆ ಫೋನನ್ನ ಬ್ಯಾಗಿನ ಅಡೀಲಿ ಹಾಕು. ವಾಟ್ಸಾಪಲ್ಲಿ ಟಿಕೆಟ್ ತಗೋಬೇಡ, ಟಿಕೆಟ್ ತೋರ್ಸಕ್ಕೆ ತೆಗೆದ ಫೋನು ವಾಪಸ್ ಒಳಗೆ ಹೋಗಲ್ಲ, ಮೆಟ್ರೋ ಕಾರ್ಡ್ ಮಾಡಿಸ್ಕೋ, ಡಿಸ್ಕೌಂಟೂ ಇದೆ. ಕೆ.ಆರ್. ಪುರಂ ಹ್ಯಾಂಗಿಂಗ್ ಬ್ರಿಡ್ಜು, ಬೆನ್ನಿಗಾನಹಳ್ಳಿ ಕೆರೆ, ಹಲಸೂರು ಕಡೆ ಟೆರೇಸ್ ಮೇಲೆ ಒಣಗ್ತಿರೋ ಬಟ್ಟೆ, ಏನಾದ್ರೂ ನೋಡು, ಏನೂ ನೋಡ್ದೇನೂ ಇರು. ಮೊದಮೊದಲು ಹಿಂಸೆ ಆಗತ್ತೆ. ಶಾಂತಿ ಗೀಂತಿ ಏನೂ ಬರಲ್ಲ, ಬರೋದು ಕಾಲೇಜಲ್ಲಿ ಯಾರೋ ಅಂದಿದ್ದ ಮಾತು, ಕಟ್ಟದೇ ಇರೋ ಬಿಲ್ಲು, ಮ್ಯಾನೇಜರ್ ಮುಖ. ಬರ್ಲಿ. ನಾವು ಸುಮ್ನಿದ್ದಾಗ ಮೆದುಳು ಸುಮ್ನಿರಲ್ಲ ಅಂತ ಮಾರ್ಕಸ್ ರೈಕ್ಲ್ ಅನ್ನೋ ವಿಜ್ಞಾನಿ 2001ರಲ್ಲೇ ಬರೆದು ಅದಕ್ಕೆ ಡಿಫಾಲ್ಟ್ ಮೋಡ್ ಅಂತ ಹೆಸರಿಟ್ಟಿದಾರೆ, ಹಳೇದನ್ನ ತಿರುವಿ ಹಾಕಿ ಮುಂದಿಂದನ್ನ ಲೆಕ್ಕ ಹಾಕ್ತಿರತ್ತೆ, ಅದರ ಕೆಲಸ ಅದು ಮಾಡ್ಕೊಳ್ಳಿ. ಮೆಡಿಟೇಶನ್ ಆ್ಯಪ್ ಮಾತ್ರ ಹಾಕ್ಕೋಬೇಡ, ಅದೂ ದಿನಾ ನೋಟಿಫಿಕೇಶನ್ ಕಳ್ಸತ್ತೆ.

ನಾನು ಇವತ್ತಿಂದ ನಿನ್ನ ಚಾಟನ್ನ ಮ್ಯೂಟ್ ಮಾಡಿದೀನಿ. ಕೋಪ ಅಲ್ಲ. ರಾತ್ರಿ ಒಂದು ಸಲ ನೋಡ್ತೀನಿ, ನೀನು ಮಲಗೋ ಮುಂಚೆ ರೂಮಲ್ಲಿದೀನಿ ಅಂತ ಒಂದು ಸಾಲು ಹಾಕಿದ್ರೆ ಸಾಕು. ನೈಟ್ ಕ್ಯಾಬಲ್ಲಿ ಬರೋವಾಗ ಟ್ರಿಪ್ ಶೇರ್ ಮಾಡು, ಅದರಲ್ಲಿ ರಿಯಾಯಿತಿ ಇಲ್ಲ.

ಇನ್ನುಳಿದಿದ್ದು ಗೂಗಲ್ ಮ್ಯಾಪಲ್ಲಿ ಅಪ್ಪ ನೋಡೋ ನಿನ್ನ ಲೊಕೇಶನ್ನು. ಮೊನ್ನೆ ನೀನು ಕಬ್ಬನ್ ಪಾರ್ಕಲ್ಲಿ ಒಂದೂವರೆ ಗಂಟೆ ಇದ್ದೆ ಅಂತ ಊಟಕ್ಕೆ ಕೂತಾಗ ವರದಿ ಒಪ್ಪಿಸಿದ್ರು, ಯಾರ ಜೊತೆ ಅಂತ ನಾನು ಕೇಳ್ಲಿಲ್ಲ, ಈಗ್ಲೂ ಕೇಳ್ತಿಲ್ಲ. ಅದನ್ನ ಆಫ್ ಮಾಡ್ಬಿಡು. ಆದ್ರೆ ಮೊದಲು ನೀನೇ ಅವರಿಗೆ ಹೇಳಿ ಮಾಡು, ನಾನು ಹೇಳಿದ್ರೆ ಇಲ್ಲಿ ಕುರುಕ್ಷೇತ್ರ ಆಗತ್ತೆ, ನೀನು ಹೇಳಿದ್ರೆ ಎರಡು ದಿನ ಮುಖ ಊದಿಸ್ಕೊಂಡಿದ್ದು ಮೂರನೇ ದಿನ ಕ್ರಿಕೆಟ್ ಸ್ಕೋರ್ ನೋಡ್ಕೊಂಡು ಮರೆತ್ಬಿಡ್ತಾರೆ.

ಶನಿವಾರ ಬರೋವಾಗ ಚಟ್ನಿಪುಡಿ ಡಬ್ಬಿಗಳನ್ನ ತೊಳೆದು ತಗೊಂಡ್ ಬಾ, ಹೋದ ಸಲ ಹಾಗೇ ತಂದಿದ್ದೆ.

ನಿನ್ನ
ಅಮ್ಮ