ನೀರು ಹೊತ್ತ ಹುಡುಗರು

ಪ್ರಿಯ ಗೆಳೆಯನಿಗೆ ಗದಗಿನಿಂದ ನಮಸ್ಕಾರಗಳು.

ಇತ್ತ ಎಲ್ಲರೂ ಕ್ಷೇಮ. ನಿನ್ನ ಮೊಣಕಾಲಿನ ನೋವು ಕಡಿಮೆಯಾಗಿದೆಯೆಂದು ನಂಬಿದ್ದೇನೆ. ಈ ಪತ್ರಕ್ಕೆ ಕಾರಣ ನನ್ನ ಮಗಳು. ಈ ವರ್ಷ ಕರಾಟೆ ಕಲಿಯಲು ಸೇರಿರುವ ಅವಳನ್ನು ಕಳೆದ ಭಾನುವಾರ ಪಕ್ಕದಲ್ಲಿ ಕೂರಿಸಿಕೊಂಡು, ನೀನೂ ನಾನೂ ಹುಡುಗರಾಗಿದ್ದಾಗ ಬೆಟಗೇರಿಯ ನೇಕಾರರೊಬ್ಬರ ಮನೆಯಲ್ಲಿ ಬಾಡಿಗೆಯ ವಿಸಿಆರ್ ತಂದ ರಾತ್ರಿ ಮಗ್ಗದ ಪಕ್ಕದಲ್ಲಿ ಕುಳಿತು ನೋಡಿದ್ದ ‘ಶಾವೊಲಿನ್‌ನ 36ನೇ ಕೋಣೆ’ ಎಂಬ ಕುಂಗ್ ಫೂ ಚಿತ್ರವನ್ನು ಮತ್ತೆ ನೋಡಿದೆ. ನಾಯಕ ಮಠ ಸೇರಿ ಕಲಿಕೆ ಶುರುವಾದ ಸ್ವಲ್ಪ ಹೊತ್ತಿಗೇ ಅವಳು, “ಅಪ್ಪಾ, ಬಡದಾಟ ಮತ್ತ ಯಾವಾಗ ಬರತೈತಿ?” ಎಂದು ಕೇಳಿದಳು. ಆ ವಯಸ್ಸಿನಲ್ಲಿ ನಾವು ಈ ಪ್ರಶ್ನೆಯನ್ನು ಕೇಳಲೇ ಇಲ್ಲ. ಏಕೆ ಕೇಳಲಿಲ್ಲ ಎಂಬುದನ್ನು ವಾರವಿಡೀ ಯೋಚಿಸಿದ್ದೇನೆ.

ನೀನು ಬ್ರೂಸ್ ಲೀಯ ಪಕ್ಷದವನಾಗಿದ್ದೆ. ಕಟಿಂಗ್ ಅಂಗಡಿಯ ಕನ್ನಡಿಯ ಮೇಲೆ ಶಂಕರ್‌ನಾಗ್ ಚಿತ್ರದ ಪಕ್ಕದಲ್ಲಿದ್ದ ಅವನ ಚಿತ್ರವನ್ನು ನೋಡಲೆಂದೇ ನೀನು ಸರದಿ ತಪ್ಪಿಸಿಕೊಂಡು ಕೂರುತ್ತಿದ್ದೆ. 1973ರ ಜುಲೈ 20ರಂದು, ಕೇವಲ 32ನೆಯ ವಯಸ್ಸಿನಲ್ಲಿ, ತನ್ನ ಅತಿ ದೊಡ್ಡ ಚಿತ್ರ ತೆರೆಗೆ ಬರುವ ಮೊದಲೇ ಅವನು ತೀರಿಕೊಂಡನೆಂದು ತಿಳಿದಾಗ ನಿನ್ನ ಕಣ್ಣು ತುಂಬಿದ್ದನ್ನು ನಾನು ಮರೆತಿಲ್ಲ. ಅವನ ವೇಗವನ್ನು ನಾನೂ ಮೆಚ್ಚುತ್ತಿದ್ದೆ. ಆದರೆ ನನ್ನ ಮನಸ್ಸು ನಿಂತದ್ದು 1978ರ ಈ ಚಿತ್ರದಲ್ಲಿ, ಅದರಲ್ಲಿಯೂ ಸಾನ್ ತೇ ಎಂಬ ಆ ತರುಣ ನೀರು ಹೊರುವ ದೃಶ್ಯದಲ್ಲಿ. ಅವನ ತೋಳುಗಳಿಗೆ ಕಿರುಗತ್ತಿಗಳನ್ನು ಕಟ್ಟಿರುತ್ತಾರೆ; ಎರಡೂ ಕೈಗಳನ್ನು ಅಗಲಕ್ಕೆ ಚಾಚಿ ಬಕೆಟ್ಟುಗಳನ್ನು ಹಿಡಿದು ಏರು ಹತ್ತಬೇಕು, ತೋಳು ಸೋತು ಕೆಳಗಿಳಿದರೆ ಕತ್ತಿಯ ಮೊನೆ ಪಕ್ಕೆಗೆ ಚುಚ್ಚುತ್ತದೆ. ಕ್ಯಾಮೆರಾ ಅವನ ಇಡೀ ದೇಹವನ್ನು ತೋರಿಸುತ್ತ ಅವಸರವಿಲ್ಲದೆ ನಿಂತಿರುತ್ತದೆ. ಇಂದಿನ ಚಿತ್ರಗಳಂತೆ ಕ್ಷಣಕ್ಕೊಮ್ಮೆ ಕತ್ತರಿಸಿ ಶ್ರಮವನ್ನು ಮರೆಮಾಡುವುದಿಲ್ಲ.

ಗದಗಿನ ಹುಡುಗರಿಗೆ ನೀರು ಹೊರುವುದರ ಅರ್ಥವನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಲ್ಲಿಗೆ ನೀರು ಯಾವಾಗ ಬಂದೀತೆಂದು ದಿನಗಟ್ಟಲೆ ಕಾಯುತ್ತಿದ್ದ ಓಣಿ ನಮ್ಮದು. ಆ ಚಿತ್ರ ನೋಡಿದ ಮರುದಿನದಿಂದ ಬೋರಿಂಗಿನ ನೀರನ್ನು ನಾವು ತಲೆಯ ಮೇಲಾಗಲಿ ಸೊಂಟದ ಮೇಲಾಗಲಿ ತರಲಿಲ್ಲ. ಎರಡು ಕೈಗಳಲ್ಲಿ ಎರಡು ಕೊಡಗಳನ್ನು ಹಿಡಿದು, ತೋಳುಗಳನ್ನು ಚಾಚಲು ಹೆಣಗುತ್ತ ತಂದೆವು. ಕತ್ತಿಗಳ ಬದಲು ಜಾಲಿಯ ಮುಳ್ಳನ್ನು ಕಟ್ಟಿಕೊಳ್ಳೋಣವೆಂದು ಹೇಳಿದವನು ನೀನು. ಮೂರನೆಯ ದಿನ ನೀನು ಬಿದ್ದೆ, ನಿಮ್ಮ ಮನೆಯ ತಾಮ್ರದ ಕೊಡ ನೆಗ್ಗಿತು, ನಿಮ್ಮ ಅವ್ವ ಕೊಡಕ್ಕಿಂತ ಹೆಚ್ಚಾಗಿ ನಿನ್ನ ಪಕ್ಕೆಯ ಗಾಯವನ್ನು ನೋಡಿ ಅತ್ತರು. ಆಗ ನಮ್ಮ ಅಜ್ಜ ಕಟ್ಟೆಯ ಮೇಲಿಂದ ಹೇಳಿದ ಮಾತು ನಿನಗೆ ನೆನಪಿದೆಯೇ? “ಜೋಶಿಯವರ ಭೀಮಣ್ಣನೂ ಕುಂದಗೋಳದಾಗ ಗುರುವಿನ ಮನೀಗೆ ನೀರು ಹೊತ್ತಾನ. ಅಂವ ಮಾತ್ರ ಕೊಡಾ ನೆಗ್ಗಿಸಲಿಲ್ಲ.”

ನಮಗೆ ಆಗ ಅದು ಬರಿಯ ಬೈಗುಳವಾಗಿ ಕೇಳಿಸಿತು. ಈಗ ನೋಡು, ಮುಂದೆ ಹಿಂದೂಸ್ತಾನಿ ಗಾಯಕ ಭೀಮಸೇನ ಜೋಶಿ ಎಂದು ಹೆಸರಾದ ನಮ್ಮ ಭಾಗದ ಹುಡುಗನೊಬ್ಬ 1933ರಲ್ಲಿ, ಹನ್ನೊಂದನೆಯ ವಯಸ್ಸಿಗೆ, ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಓಡುತ್ತಾನೆ. ಉತ್ತರದ ಊರೂರು ಅಲೆಯುತ್ತಾನೆ. ಕೊನೆಗೆ ಗುರು ಸಿಕ್ಕುವುದು ತನ್ನ ಮನೆಯಿಂದ ದೂರವೇನೂ ಅಲ್ಲದ ಕುಂದಗೋಳದಲ್ಲಿ. 1936ರಲ್ಲಿ ಶಿಷ್ಯನಾಗಿ ಸ್ವೀಕರಿಸಿದ ಸವಾಯಿ ಗಂಧರ್ವರು ಮೊದಲು ಮನೆಗೆಲಸ ಮಾಡಿಸುತ್ತಾರೆ, ಆಮೇಲೆ ತೋಡಿ, ಮುಲ್ತಾನಿ, ಪೂರಿಯಾ ಎಂಬ ಮೂರೇ ರಾಗಗಳನ್ನು ವರ್ಷಗಟ್ಟಲೆ ತಿದ್ದುತ್ತಾರೆ. ಹಾಂಗ್‌ಕಾಂಗಿನ ಯಾವ ನಿರ್ದೇಶಕನ ಕೈಗೆ ಕೊಟ್ಟರೂ ಇದು ಕುಂಗ್ ಫೂ ಚಿತ್ರದ ಕಥೆಯೇ ಆಗುತ್ತದೆ. ‘ಕುಂಗ್ ಫೂ’ ಎಂಬ ಮಾತಿಗೂ ಮೂಲದಲ್ಲಿ ಹೊಡೆದಾಟವೆಂಬ ಅರ್ಥವಿಲ್ಲ. ಬಹುಕಾಲದ ಶ್ರಮದಿಂದ ವಶವಾದ ಯಾವ ವಿದ್ಯೆಗಾದರೂ ಅದು ಸಲ್ಲುತ್ತದೆ. ನಾವು ‘ಪಳಗಿದ ಕೈ’ ಎನ್ನುತ್ತೇವಲ್ಲ, ಅದಕ್ಕೆ ಹತ್ತಿರದ ಮಾತು.

ಮನೆತನದ ವಿಚಾರವನ್ನೂ ಹೇಳಬೇಕು, ಏಕೆಂದರೆ ಇದನ್ನು ತಿಳಿದ ದಿನ ನನಗೆ ನಿದ್ದೆ ಬರಲಿಲ್ಲ. ಆ ಚಿತ್ರದ ನಿರ್ದೇಶಕ ಲಾವ್ ಕಾರ್ ಲ್ಯುಂಗ್ ಸ್ವತಃ ಹುಂಗ್ ಗಾರ್ ಎಂಬ ಕುಂಗ್ ಫೂ ಪದ್ಧತಿಯನ್ನು ತಂದೆಯಿಂದ ಕಲಿತವರು. ಅವರ ತಂದೆ ಲಾಮ್ ಸಾಯ್ ವಿಂಗ್ ಅವರ ಶಿಷ್ಯರು, ಲಾಮ್ ಸಾಯ್ ವಿಂಗ್ ಪ್ರಸಿದ್ಧ ವಾಂಗ್ ಫೇಹುಂಗ್ ಅವರ ಶಿಷ್ಯರು. ಧಾರವಾಡದ ಹಿರಿಯ ಗಾಯಕರು ಕಿವಿ ಮುಟ್ಟಿಕೊಂಡು ಗುರುವಿನ ಹೆಸರು ಹೇಳಿ, ಅಲ್ಲಿಂದ ಸವಾಯಿ ಗಂಧರ್ವರ ಗುರು ಅಬ್ದುಲ್ ಕರೀಮ್ ಖಾನರವರೆಗೆ ಹೋಗುವಂತೆಯೇ ಇದು. ಕ್ಯಾಂಟನೀಸ್ ಭಾಷೆಯಲ್ಲಿ ‘ಗಾರ್’ ಎಂದರೆ ಮನೆತನ. ಸಂಗೀತದ ಗುರುಪರಂಪರೆಗೆ ನಾವು ಹೇಳುವ ‘ಘರಾಣೆ’ಯೊಳಗಿನ ‘ಘರ್’ ಎಂದರೆ ಮನೆ. ಎರಡು ಪದಗಳಿಗೂ ನಂಟಿಲ್ಲ, ಆದರೂ ಎರಡೂ ಕಡೆ ವಿದ್ಯೆ ಉಳಿದದ್ದು ಮನೆಯಲ್ಲಿಯೇ.

ನಾವು ಮುಂದೆ ಸೇರಿದ ಆ ಕರಾಟೆ ತರಗತಿಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಮೂರು ತಿಂಗಳಿಗೊಮ್ಮೆ ಹಣ ಪಡೆದು ಬೆಲ್ಟಿನ ಬಣ್ಣ ಬದಲಿಸುತ್ತಿದ್ದ ಶಿಕ್ಷಕರು ನಮ್ಮ ನಿಲುವನ್ನು ಒಮ್ಮೆಯೂ ಕಾಲು ಮುಟ್ಟಿ ತಿದ್ದಲಿಲ್ಲ, ಆ ನೋವು ನನಗೆ ಇಂದಿಗೂ ಇದೆ. ನಿನ್ನ ಮೊಣಕಾಲು ಹಾಳಾದದ್ದೂ ಆ ತಪ್ಪು ನಿಲುವಿನಿಂದಲೇ ಎಂದು ನನ್ನ ಅನುಮಾನ. ಮಗಳ ಶಿಕ್ಷಕಿ ಹಾಗಲ್ಲ. ಎರಡು ತಿಂಗಳಿಂದ ಮಕ್ಕಳನ್ನು ಬರಿಯ ನಿಲ್ಲಿಸುತ್ತಿದ್ದಾರೆ, ಅದಕ್ಕೇ ಮಗಳಿಗೆ ಬೇಸರ.

ಚಿತ್ರದ ಕೊನೆಯನ್ನು ಅವಳು ಎಚ್ಚರವಾಗಿದ್ದು ನೋಡಿದಳು. 35 ಕೋಣೆಗಳ ವಿದ್ಯೆ ಮುಗಿಸಿದ ಸಾನ್ ತೇ, ಮಠದ ಹೊರಗಿನ ಸಾಮಾನ್ಯ ಜನರಿಗೆ ಕಲಿಸಲು 36ನೆಯ ಕೋಣೆಯನ್ನು ತೆರೆಯಬೇಕೆನ್ನುತ್ತಾನಲ್ಲ, ಅಲ್ಲಿ ನನಗೆ ನಮ್ಮೂರಿನ ವೀರೇಶ್ವರ ಪುಣ್ಯಾಶ್ರಮ ಕಣ್ಣ ಮುಂದೆ ಬಂತು. ಸ್ವತಃ ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳು ಮತ್ತು ಪುಟ್ಟರಾಜ ಗವಾಯಿಗಳು ಅಂಧ ಮಕ್ಕಳಿಗೂ ಬಡ ಮಕ್ಕಳಿಗೂ ಅನ್ನವಿಟ್ಟು ಸಂಗೀತ ಕಲಿಸಿದ ಆ ಜಾಗದ ಮುಂದೆ ನಾವು ದಿನವೂ ಸೈಕಲ್ ತುಳಿದು ಹೋಗುತ್ತಿದ್ದೆವು. ಒಳಗಿನಿಂದ ಬರುತ್ತಿದ್ದ ಸರಿಗಮದ ಸಾಧನೆಗೂ ನಮ್ಮ ಕೊಡಗಳಿಗೂ ಸಂಬಂಧವಿದೆಯೆಂದು ಆಗ ಹೊಳೆದಿರಲಿಲ್ಲ.

ಮಗಳಿಗೆ ಭೀಮಣ್ಣನ ಕಥೆಯನ್ನು ಹೇಳಿದ್ದೇನೆ. ಕುಂದಗೋಳದಲ್ಲಿ ನೀರನ್ನು ಎಷ್ಟು ದೂರದಿಂದ ತರಬೇಕಿತ್ತು ಎಂದು ಅಂದಿನಿಂದ ಕೇಳುತ್ತಿದ್ದಾಳೆ. ನೀನು ಬಂದಾಗ ಹುಬ್ಬಳ್ಳಿಯಿಂದ, ಗಾಯಕಿ ಗಂಗೂಬಾಯಿ ಹಾನಗಲ್ಲರು ಸವಾಯಿ ಗಂಧರ್ವರ ಬಳಿ ಪಾಠಕ್ಕೆ ಹೋಗುತ್ತಿದ್ದಂತೆ, ರೈಲಿನಲ್ಲಿಯೇ ಮೂವರೂ ಅಲ್ಲಿಗೆ ಹೋಗೋಣ. ನಿನ್ನ ಮೊಣಕಾಲು ಒಪ್ಪಿದರೆ ಅಷ್ಟು ದೂರವನ್ನು ನಡೆದೇ ಅಳೆಯೋಣ.

ನಿನ್ನ ಪತ್ರದ ದಾರಿ ಕಾಯುವ,
ನಿನ್ನ ಗೆಳೆಯ