ಸರ್ವಾಧಿಕಾರಿ ಬರ್ಬೇಕು ಅನ್ನೋರು ಫ್ರೀಡಂ ಪಾರ್ಕ್ ನೋಡ್ಕೊಂಡು ಬನ್ನಿ

ಸಂಪಾದಕರೇ,

ನಮ್ಮ ಗಾಂಧಿ ಬಜಾರಲ್ಲಿ ವಾಕಿಂಗ್ ಮುಗಿಸಿ ಕಾಫಿಗೆ ನಿಂತ್ರೆ ವಾರಕ್ಕೆ ಎರಡು ಸಲನಾದ್ರೂ ಈ ಮಾತು ಕಿವಿಗೆ ಬೀಳತ್ತೆ, "ಈ ದೇಶಕ್ಕೆ ಒಬ್ಬ ಸರ್ವಾಧಿಕಾರಿ ಬರ್ಬೇಕು ರೀ, ಎಮರ್ಜೆನ್ಸಿಲಿ ಟ್ರೈನು ಕರೆಕ್ಟಾಗಿ ಬರ್ತಿತ್ತು". ಓದ್ಕೊಂಡಿರೋರೇ ಹೇಳ್ತಾರೆ, ಕೇಳಿ ಹೊಟ್ಟೆ ಉರಿಯತ್ತೆ.

ಅವರು ಒಂದ್ಸಲ ಫ್ರೀಡಂ ಪಾರ್ಕ್‌ಗೆ ಹೋಗಿ ಆ ಸೆಲ್‌ಗಳ ಮುಂದೆ ಐದು ನಿಮಿಷ ನಿಲ್ಲಲಿ. ಎಮರ್ಜೆನ್ಸಿ ಟೈಮಲ್ಲಿ ಅದು ಸೆಂಟ್ರಲ್ ಜೈಲು. 1975ರ ಜೂನ್‌ನಲ್ಲಿ ವಾಜಪೇಯಿ, ಅಡ್ವಾಣಿನ ಬೆಂಗಳೂರಲ್ಲೇ ಹಿಡಿದು ಅಲ್ಲಿಟ್ಟಿದ್ದು ತುಂಬ ಜನಕ್ಕೆ ಗೊತ್ತು, ಸ್ನೇಹಲತಾ ರೆಡ್ಡಿ ಹೆಸರು ಎಷ್ಟು ಜನಕ್ಕೆ ಗೊತ್ತು? ನಟಿ, ಆಸ್ತಮಾ ಇದ್ದ ಹೆಂಗಸು. 1976ರ ಮೇ ತಿಂಗಳಲ್ಲಿ ಒಳಗೆ ಹಾಕಿದ್ರು, ಮೀಸಾ ಕಾಯ್ದೆಲಿ ಹಿಡಿದಿಡೋಕೆ ವಿಚಾರಣೆನೇ ಬೇಕಿರ್ಲಿಲ್ಲ, ಎಂಟು ತಿಂಗಳು ಉಸಿರಿಗೆ ಒದ್ದಾಡಿದ್ರು, ಕೈಮೀರಿದ ಮೇಲೆ ಪೆರೋಲ್ ಕೊಟ್ರು, ಹೊರಗೆ ಬಂದ ಕೆಲವೇ ದಿನಕ್ಕೆ, 1977ರ ಜನವರಿ 20ಕ್ಕೆ ಹೋಗ್ಬಿಟ್ರು.

ಇಷ್ಟೆಲ್ಲ ದಿಲ್ಲಿಲಿ ಕೂತ ಒಬ್ರ ಕೈಲಿ ಆಗೋ ಕೆಲಸ ಅಲ್ಲ ಸ್ವಾಮಿ. ಆರ್ಡರ್ ಟೈಪ್ ಮಾಡೋ ಗುಮಾಸ್ತ, ಬೀಗ ಹಾಕೋ ವಾರ್ಡರ್, ಸೆನ್ಸಾರ್‌ಗೆ ಹೆದರಿ ಸುದ್ದಿ ಕಿತ್ತಾಕೋ ಪೇಪರ್, ನಮಗ್ಯಾಕೆ ಊರ ಉಸಾಬರಿ ಅಂತ ಬಾಗಿಲು ಹಾಕ್ಕೊಳ್ಳೋ ಪಕ್ಕದ್ಮನೆಯೋರು, ಎಲ್ಲ ಸೇರಿದ್ರೇನೇ ನಡೆಯೋದು.

ಹಂಗಾದ್ರೆ ಜನ ಏನ್ ಮಾಡೋಕಾಗತ್ತೆ ಅಂತೀರಾ? ಅರ್ಜೆಂಟೀನಾದಲ್ಲಿ ಮಿಲಿಟರಿಯೋರು ಹುಡುಗ್ರನ್ನ ಎತ್ತಾಕ್ಕೊಂಡು ಹೋಗಿ ಮಾಯ ಮಾಡ್ತಿದ್ರು, 1977ರ ಏಪ್ರಿಲ್‌ನಲ್ಲಿ 14 ಜನ ತಾಯಂದ್ರು ಅಧ್ಯಕ್ಷರ ಭವನದ ಮುಂದಿನ ಚೌಕಕ್ಕೆ ಬಂದು ನಿಂತ್ರು. ಗುಂಪು ನಿಲ್ಲಂಗಿಲ್ಲ ನಡೀರಿ ಅಂದ್ರು ಪೊಲೀಸ್ನೋರು, ಇವರು ಕೈಕೈ ಹಿಡ್ಕೊಂಡು ಇಬ್ಬಿಬ್ರಾಗಿ ಅಲ್ಲೇ ಸುತ್ತು ಹಾಕೋಕೆ ಶುರು ಮಾಡಿದ್ರು! ಆಮೇಲೆ ಪ್ರತಿ ಗುರುವಾರ, ತಲೆಗೆ ಬಿಳಿ ಬಟ್ಟೆ ಕಟ್ಕೊಂಡು. ಅವರಲ್ಲೇ ಮೂವರು ತಾಯಂದ್ರನ್ನ ಹಿಡಿದು ಕೊಂದ್ರು, ಉಳಿದೋರು ನಡೆಯೋದು ಬಿಡ್ಲಿಲ್ಲ. 1983ರಲ್ಲಿ ಆ ಮಿಲಿಟರಿ ಸರ್ಕಾರ ಹೋಯ್ತು.

ನಮ್ಮೂರಲ್ಲೂ ಅಷ್ಟೇ, 1977ರ ಎಲೆಕ್ಷನ್‌ನಲ್ಲಿ ರಾಜ್ಯದ 28 ಸೀಟಲ್ಲಿ 26 ಎಮರ್ಜೆನ್ಸಿ ಹೇರಿದ್ದ ಕಾಂಗ್ರೆಸ್‌ಗೇ ಹೋದ್ರೂ ಬೆಂಗಳೂರು ದಕ್ಷಿಣ ಕೆ.ಎಸ್. ಹೆಗ್ಡೆಯವರನ್ನ ಗೆಲ್ಲಿಸ್ತು, ಸೀನಿಯಾರಿಟಿ ಮುರಿದು ಕಿರಿಯರನ್ನ ಚೀಫ್ ಜಸ್ಟಿಸ್ ಮಾಡಿದ್ರು ಅಂತ 1973ರಲ್ಲಿ ಸುಪ್ರೀಂ ಕೋರ್ಟ್ ಜಡ್ಜ್ ಹುದ್ದೆನೇ ಬಿಟ್ಟು ಬಂದಿದ್ದೋರು. ಆ ಓಟು ಹಾಕಿದ್ದು ಈಗ ಕಾಫಿ ಕುಡೀತಾ ಸರ್ವಾಧಿಕಾರಿ ಬೇಕು ಅಂತಿರೋರ ಅಪ್ಪ ಅಮ್ಮಂದ್ರು.

ಆಗ ಜೈಲಿಗೆ ಹೋಗಿದ್ದೋರು, ರಾತ್ರಿ ಕರಪತ್ರ ಹಂಚಿದ್ದೋರು ಬಸವನಗುಡಿ, ಮಲ್ಲೇಶ್ವರದಲ್ಲಿ ಇನ್ನೂ ಇದ್ದಾರೆ, ವಯಸ್ಸಾಗಿದೆ. ದಯವಿಟ್ಟು ನಿಮ್ಮ ವರದಿಗಾರರನ್ನ ಅವರ ಮನೆಗೆ ಕಳಿಸಿ, ಅವರ ಮಾತನ್ನ ಪೇಪರಲ್ಲಿ ಹಾಕಿ, ಈ ವರ್ಷನೇ.

– ನಿಮ್ಮ ಓದುಗ, ಗಾಂಧಿ ಬಜಾರ್, ಬೆಂಗಳೂರು