ಬಿಲ್ಲಿನ ಚಂದ ಅಲ್ಲ, ನಂಬರ್ ನೋಡಿ

ಮಾನ್ಯರೇ,

ಈಗ ಎಐಗೆ ಹೇಳಿದ್ರೆ ಆಸ್ಪತ್ರೆ ಬಿಲ್ಲು ಸೀಲು ಸಹಿ ಸಮೇತ ಎರಡು ನಿಮಿಷದಲ್ಲಿ ರೆಡಿ, ಕಾಫಿ ಕಲೆ ಬೇಕಂದ್ರೂ ಹಾಕಿಕೊಡುತ್ತೆ. ಅದಕ್ಕೇ ಇರಬೇಕು, ಅಪ್ಪನ ಕಣ್ಣಿನ ಆಪರೇಷನ್ ಕ್ಲೇಮ್‌ನಲ್ಲಿ ಮೆಡಿಕಲ್ ಶಾಪ್ ಬಿಲ್ ಮಸುಕಾಗಿದೆ, ಅನುಮಾನ ಅಂತ ಇನ್ಶೂರೆನ್ಸ್‌ನೋರು ಮೂರು ಸಲ ವಾಪಸ್ ಕಳಿಸಿದ್ರು, ಥರ್ಮಲ್ ಪೇಪರ್ ಸ್ವಾಮಿ ಅದು, ಬಿಸಿಲಲ್ಲಿ ಜೇಬಲ್ಲಿಟ್ಕೊಂಡು ಓಡಾಡಿದ್ರೆ ಮಸುಕಾಗದೆ ಇನ್ನೇನಾಗುತ್ತೆ! ಮಸುಕು ನೋಡೋ ಬದಲು ಬಿಲ್ಲಲ್ಲಿರೋ ಅಂಗಡಿಯ ಜಿಎಸ್‌ಟಿ ನಂಬರ್ ನೋಡ್ಲಿ. ಅಂಕಿ, ಅಕ್ಷರ ಸೇರಿ ಒಟ್ಟು 15, ಕರ್ನಾಟಕದ್ದಾದ್ರೆ 29ರಿಂದ ಶುರು, ಕೊನೇದು ಮೊದಲ 14ರಿಂದ ಲೆಕ್ಕ ಹಾಕಿ ಬರೋದು, ಬಾಯಿಗೆ ಬಂದಂಗೆ ಬರೆದ್ರೆ ಹೆಚ್ಚಾಗಿ ತಾಳೆ ಆಗಲ್ಲ. ಅಸಲಿ ನಂಬರೇ ಕದ್ದು ಹಾಕಿದ್ರೆ? ಅಂಗಡಿಗೊಂದು ಫೋನ್ ಮಾಡಿ ಬಿಲ್ ನಂಬರ್ ಕೇಳ್ಬೇಕು. ನಮ್ಮ ವಿಷಯದಲ್ಲಿ ಯಾರೂ ಕೇಳ್ಲಿಲ್ಲ.

– ಒಬ್ಬ ಓದುಗ, ಮೈಸೂರು